ಉತ್ತರ ಕಳೆದ ಕಿಟಕಿ

ಹಲ್ ಬಂದರಿನ ಹೆಸಲ್ ರಸ್ತೆ.
ಸಿರಿಲ್ ಪಿಕರ್ಸ್‌ಗಿಲ್, ವಯಸ್ಸು ಎಪ್ಪತ್ತೊಂಬತ್ತು,
ಮೂವತ್ತೊಂದು ವರ್ಷದಿಂದ ಶನಿವಾರದ ಪತ್ರಿಕೆಗೆ
ಪದಬಂಧ ಹೆಣೆಯುತ್ತಾನೆ.
ಅಚ್ಚಿನಲ್ಲಿ ಅವನ ಹೆಸರು ಕಿಪ್ಪರ್:
ಹೊಗೆ ಹಾಕಿದ ಮೀನು.

ಮೇಜಿನ ಮೇಲೆ ಸವೆದ ರಬ್ಬರು, ಆರಿದ ಚಹಾ.
ಬಂಡಿಕುದುರೆಯ ಅಕ್ಷರ ಕಲೆಸಿದರೆ
ಅವರ ಭಾಷೆಯಲ್ಲಿ ವಾದ್ಯವೃಂದ.
ಅದು ಯಾರ ಸ್ವತ್ತೂ ಅಲ್ಲ,
ನಿಘಂಟಿನ ದಂಡೆಗೆ ಬಿದ್ದ ಬೆಣಚುಕಲ್ಲು;
ಎತ್ತಿಕೊಂಡವರು ಎತ್ತಿಕೊಳ್ಳಲಿ.

ಆದರೆ ಆ ವಾರದ ಹದಿನೇಳು ಅಡ್ಡ?

‘ಉತ್ತರ ಕಳೆದುಕೊಂಡ ಕಿಟಕಿಯಲ್ಲಿ ನಿಂತವಳು. ಐದಕ್ಷರ.’
ವಿಂಡೋದಿಂದ ಉತ್ತರ ದಿಕ್ಕಿನ ಎನ್ ಕಿತ್ತರೆ
ಉಳಿಯುವುದು ವಿಡೋ.
ವಿಧವೆ.

ಇಲ್ಲಿ ನನ್ನದೂ ಒಂದು ಕೈಗಡವಿದೆ, ಹೇಳಿಬಿಡುತ್ತೇನೆ:
ಅವರ ಮಾತಿನಲ್ಲಿ ಅದು ಬರೀ ದಿಕ್ಕು.
ದಿಕ್ಕೂ ಜವಾಬೂ ಒಂದೇ ಪದವಾಗಿರುವುದು
ನನ್ನ ನುಡಿಯಲ್ಲಿ. ಅದೂ ನಾನು ಗಳಿಸಿದ್ದಲ್ಲ,
ಹೆಸರು ಹೇಳದೆ ಹೋದ ಯಾರೋ ಇಟ್ಟದ್ದು.

ಹನ್ನೊಂದು ಕಾಗದ ಬಂದವು.
ಬೆವರ್ಲಿಯ ನಿವೃತ್ತ ಮೇಷ್ಟರೊಬ್ಬರು
‘ಎದ್ದು ನಿಂತು ಟೋಪಿ ತೆಗೆದೆ’ ಎಂದು ಬರೆದಿದ್ದರು.
ಸಿರಿಲ್ ಅದನ್ನು ಗಡಿಯಾರದ ಹಿಂದೆ ಸಿಕ್ಕಿಸಿದ.

ನಾಲ್ಕನೆಯ ದಿನ ಗಡ್ಡ ಹೆರೆಯುವಾಗ,
ಅರ್ಧ ಕೆನ್ನೆಯಲ್ಲಿ ಇನ್ನೂ ನೊರೆ,
ಕೈ ನಿಂತಿತು.

ಎಪ್ಪತ್ತೊಂದರ ಫೆಬ್ರವರಿ. ಮೀನು ಸೀಳುವ ಶೆಡ್ಡು.
ಮ್ಯೂರಿಯಲ್ ಬ್ಲೆಂಕಿನ್, ಮಂಜುಗಡ್ಡೆಗೆ ಮರಗಟ್ಟಿದ ಕೈ.
ಹಡಗು ಹೊರಟ ದಿನ ಬಟ್ಟೆ ಒಗೆಯಬಾರದು,
ಒಗೆದರೆ ಗಂಡ ಕೊಚ್ಚಿಹೋಗುತ್ತಾನೆ.
ಅವಳು ಒಗೆದಿರಲಿಲ್ಲ.
ಆದರೂ.
ಊಟದ ಹೊತ್ತಿನಲ್ಲಿ, ಮೀನು ಸುತ್ತಿದ ಪತ್ರಿಕೆಯ
ಪದಬಂಧದಿಂದ ಮುಖ ಎತ್ತದೆ ಅಂದಳು:
‘ನನ್ನ ಕಿಟಕಿಯಿಂದ ಉತ್ತರ ಹೋಯಿತು ಸಿರಿಲ್,
ಉಳಿದ ಅಕ್ಷರ ಎಣಿಸಿಕೋ.’

ನಿದ್ದೆಯಲ್ಲಿ ಹೊಳೆದದ್ದು ಅಂದುಕೊಂಡಿದ್ದ.
ಹತ್ತು ಕಡೆ ತೋಡಿದರೂ ಒಂದೇ ನೀರು, ನಿಜ,
ಇಬ್ಬರಿಗೆ ಒಂದೇ ಚಮತ್ಕಾರ ಹೊಳೆಯಬಹುದು.
ಇದು ಹಾಗಲ್ಲ.
ಇದು ಅವಳು ಸೇದಿಟ್ಟ ಕೊಡ.

ಮುಂದಿನ ಪದಬಂಧದ ಅಂಚಿನುದ್ದಕ್ಕೂ
ಅವಳ ಹೆಸರನ್ನು ಒಂದು ಮನೆ ಬಿಟ್ಟು ಒಂದು ಮನೆ
ಅಡಗಿಸಿ ನೆಯ್ದ. ಎರಡು ರಾತ್ರಿ ಹಿಡಿಯಿತು.
ಶುಂಠಿ ಬಿಸ್ಕತ್ತಿನ ಪೊಟ್ಟಣದೊಂದಿಗೆ ಹೋಗಿ ತೋರಿಸಿದ.

ಎಂಬತ್ತನಾಲ್ಕರ ಮ್ಯೂರಿಯಲ್
ಒಂದು ಬಿಸ್ಕತ್ತು ತಿಂದು ಮುಗಿಸಿ ಕೇಳಿದಳು:
‘ಕದ್ದದ್ದನ್ನೂ ಬಚ್ಚಿಟ್ಟೆ,
ಥ್ಯಾಂಕ್ಸನ್ನೂ ಬಚ್ಚಿಡುತ್ತೀಯಾ?’

ಪತ್ರಿಕೆಯ ಹುಡುಗಿ ಟ್ಯಾಮ್ಸಿನ್ ಫೋನಿನಲ್ಲಿ ನಕ್ಕಳು:
ಪದಬಂಧಕ್ಕೆಲ್ಲ ಅಡಿಟಿಪ್ಪಣಿಯೇ?
ಕೆಳಗೆ ಇರುವುದು ಆರು ಮಿಲಿಮೀಟರು,
ಅದೂ ಪಿಂಗಾಣಿ ಅಂಗಡಿಯ ಜಾಹೀರಾತಿಗೆ.
ಸಿರಿಲ್ ತನ್ನ ಮೆಚ್ಚಿನ ಸುಳಿವೊಂದನ್ನು,
ಮೂರು ಸಾಲಿನದು, ಸ್ವಂತದ್ದು,
ನಾಲ್ಕು ಪದಕ್ಕೆ ಕತ್ತರಿಸಿ ಜಾಗ ಮಾಡಿದ.
ಕಿವಿ ಹಿಂಡಿಸಿಕೊಂಡ ಮಗುವಿನಂತಾಯಿತು ಅದು.

ಶನಿವಾರ. ಮ್ಯೂರಿಯಲ್ ಭೂತಗನ್ನಡಿ ಹಿಡಿದಳು.
‘ಕಿಟಕಿಯ ಸುಳಿವು ಮ್ಯೂರಿಯಲ್ ಬ್ಲೆಕಿನ್ ಅವರ ಮಾತು.
ಕಿಪ್ಪರ್ ಅದನ್ನು ಕೇಳದೆ ತೆಗೆದುಕೊಂಡಿದ್ದಾನೆ.’

ಮತ್ತೊಮ್ಮೆ ಓದಿದಳು.
‘ಬ್ಲೆಕಿನ್?’
ಸಿರಿಲ್ ಕುರ್ಚಿಯಲ್ಲಿ ಕುಗ್ಗಿದ.
‘ಎನ್ ಬಿದ್ದುಹೋಗಿದೆ,’ ಅಂದಳು, ‘ನೋಡು, ಮತ್ತೆ ಅದೇ,’
ಕೆಮ್ಮು ಬರುವವರೆಗೂ ನಕ್ಕಳು.

ಆಮೇಲೆ ಅವನ ಜೇಬಿನ ಪೆನ್ಸಿಲನ್ನೇ ಎಳೆದುಕೊಂಡು
ಎರಡು ಅಕ್ಷರಗಳ ನಡುವೆ
ಮೇಲ್ಮೊಗದ ಸಣ್ಣ ಬಾಣದ ತುದಿ ಬರೆದು,
ಅದರ ನೆತ್ತಿಯ ಮೇಲೆ ಒಂದು ಎನ್ ಇಟ್ಟಳು,
ನಾವಿಕರ ನಕಾಶೆಯ ಮೂಲೆಯಲ್ಲಿ
ಇರುತ್ತದಲ್ಲ, ಹಾಗೆ.