ಜೇಬು

ಹೀಟರಿನ ಎರಡು ಕೆಂಪು ಸರಳು
ಹತ್ತೇ ನಿಮಿಷ, ಮಗುವಿನ ಮೈ ಒರೆಸುವಷ್ಟು ಹೊತ್ತು.
ಆಮೇಲೆ ಪ್ಲಗ್ಗು ಕಿತ್ತು
ಕಿಟಕಿಯ ಸಂದಿಗೆ ಹಳೇ ಲುಂಗಿ ತುರುಕುತ್ತೇನೆ.

ಶಿರಸಿಯ ಡಿಸೆಂಬರು ಬಾಗಿಲಡಿ ನುಸುಳುವುದು
ಬಾಡಿಗೆ ಕೇಳುವವರ ಹಾಗಲ್ಲ,
ಬಾಕಿ ಇಟ್ಟವರ ಹಾಗೆ, ಮೆತ್ತಗೆ.

ಕಾರ್ಮೆಲಿನ್ ಚಿಕ್ಕಮ್ಮ ಹೊಲಿದ ಕವದಿ:
ನಿನ್ನ ನೀಲಿ ಸೀರೆ, ಯಾರದೋ ಲಂಗ,
ನನ್ನ ಕಂಡಕ್ಟರ್ ಖಾಕಿ.
ಮೂಲೆಗೆ ಫೂಲ ಇಲ್ಲದಿದ್ದರೆ ಕವದಿ ಬತ್ತಲೆಯಂತೆ,
ನಾಲ್ಕಕ್ಕೂ ಹಾಕಿದ್ದಾಳೆ.
ಅಂಗಿಯ ಜೇಬಿನ ಬಾಯಿ ಮಾತ್ರ
ಹೊಲಿಯದೆ ಬಿಟ್ಟಳು.
ಮರೆತಳೋ, ಬೇಕೆಂದೋ.

ಒಂದೇ ಕೈ ಹಿಡಿಯುವ ಜೇಬು.
ಮೂರರ ಜಾವ ನಿದ್ದೆಯಲ್ಲೇ
ನೀನು ಕೈ ತೆಗೆದೆ.
ನಾನು ನನ್ನದನ್ನು ಇಟ್ಟೆ.
ಮಂಚಿಕೇರಿಯಲ್ಲಿ ಆಗಷ್ಟೇ ಇಳಿದವರ
ಸೀಟಿನ ಹಾಗೆ
ಇನ್ನೂ ಬೆಚ್ಚಗಿತ್ತು.