ಎಂದಿನಂತೆ

ದೂರು ಇಷ್ಟೇ: ಯಂತ್ರ ಕಾಗದ ತಿನ್ನುತ್ತದೆ.
ಅದಕ್ಕಾಗಿ ತೋರ್ಶಾವ್ನ್‌ನಿಂದ ಬಸ್ಸು ಹಿಡಿದು
ಕಡಲಡಿಯ ಸುರಂಗ ಹಾದು
ಕ್ಲಾಕ್ಸ್‌ವೀಕಿನ ಬಂದರಿಗೆ ಬಂದೆ,
ಚೀಲದಲ್ಲಿ ಮೂರು ತಂತಿ, ಅರ್ಧ ಬ್ರೆಡ್ಡು.

ಮೀನಿನ ಶೈತ್ಯಾಗಾರದ ಲೆಕ್ಕದ ಕೋಣೆ.
ಇಪ್ಪತ್ತಾರು ವರ್ಷದಿಂದ ಅಲ್ಲಿ ಸೋಲ್ರುನ್.
ಕೀಲಿಮಣೆಯ ಅಕ್ಷರಗಳು ಸವೆದು ಹೋಗಿವೆ,
ಬೆರಳಿಗೆ ಗೊತ್ತು, ಕಣ್ಣಿಗೆ ಬೇಕಿಲ್ಲ.

ಮೊದಲೆಲ್ಲ ಬಿಡಿಸಿ ಬಿಡಿಸಿ ಹೇಳಬೇಕಿತ್ತಂತೆ,
ಈ ಕಡತ ತೆರೆ, ಆ ಸಾಲು ಕೂಡು, ಇಲ್ಲಿ ಉಳಿಸು,
ಮೊದಲ ದಿನ ಕೆಲಸಕ್ಕೆ ಬಂದ ಹುಡುಗನಿಗೆ ಹೇಳಿದ ಹಾಗೆ.
ಈಗ ಎರಡೇ ಮಾತು:
ಎಂದಿನಂತೆ ಮುಗಿಸು.
ಅವಳು ಕೋಟಿನ ಗುಂಡಿ ಹಾಕುವಷ್ಟರಲ್ಲಿ
ಬಿಲ್ಲು ಸ್ಕಾಟ್‌ಲೆಂಡಿಗೆ, ತೂಕದ ಚೀಟಿ ಬಂದರಿನ ಕಚೇರಿಗೆ,
ಹೀಟರು ಹನ್ನೊಂದಕ್ಕೆ ಇಳಿದು
ಕಾರಿಡಾರಿನ ದೀಪವೊಂದೇ ಉಳಿದಿರುತ್ತದೆ.

ತಿಂದದ್ದು ಯಾವ ಕಾಗದ?
ಕಿಟಕಿ ನೋಡಿದಳು. ‘ಸ್ವಂತದ್ದು.’

ಯಂತ್ರದ ದಿನಚರಿ ತೆರೆದೆ.
ಅದಕ್ಕೆ ಸುಳ್ಳು ಗೊತ್ತಿಲ್ಲ, ನಾಚಿಕೆಯೂ.
ತಿಂಗಳ ಕೊನೆಯ ಶುಕ್ರವಾರ, ನಾಲ್ಕೂ ಹತ್ತಕ್ಕೆ,
‘ಯಾಕುಪ್’ ಎಂದು ಶುರುವಾಗುವ ಒಂದು ಕಾಗದ.
ನಾಲ್ಕೂ ನಲವತ್ತಕ್ಕೆ ಅಳಿಸಿದ್ದು.
ಯಾರು ಅಳಿಸಿದ್ದು? ಅವಳೇ.
ಜನವರಿ ಅವಳೇ. ಫೆಬ್ರವರಿ ಅವಳೇ.
ಜೂನಿನಲ್ಲಿ ಸಹಿಯ ತನಕ ಬಂದು
ಅವಳೇ.
ಹನ್ನೊಂದು ಸಲ.

ಹನ್ನೆರಡನೆಯದನ್ನು ಬರೆದಳು, ಅಳಿಸಲಿಲ್ಲ.
ಎದ್ದು, ಕೋಟಿಗೆ ಕೈ ಚಾಚಿ,
ಬಾಯಿ ತಪ್ಪಿ ಅಂದಳು, ಎಂದಿನಂತೆ ಮುಗಿಸು.
ಅದು ಮುಗಿಸಿತು.

‘ಕೆಟ್ಟಿಲ್ಲ ಇದು,’ ಅಂದೆ, ‘ಕಲಿತಿದೆ.’

ತುಂಬ ಹೊತ್ತಾದ ಮೇಲೆ, ನಾನು ಕೇಳದೆಯೇ:
‘ಅಪ್ಪನ ದೋಣಿ. ಅಣ್ಣ ಮಾರಿದ.
ನನ್ನನ್ನೊಂದು ಮಾತು ಕೇಳಲಿಲ್ಲ.
ಎರಡು ಬೀದಿ ಆಚೆ ಇದ್ದಾನೆ.
ಅಂಗಡಿಯಲ್ಲಿ ಎದುರಾದರೆ
ಇಬ್ಬರೂ ಬೆಣ್ಣೆಯ ಬೆಲೆ ಓದುತ್ತ ನಿಲ್ಲುತ್ತೇವೆ.’

ಕಾಗದ ಸಿಕ್ಕಿತು, ಕಸದಬುಟ್ಟಿಯ ತಳದಲ್ಲಿತ್ತು.
ಕಲಿತದ್ದನ್ನು ಮರೆಸಲೂಬಹುದು, ಅಂದೆ,
ಆದರೆ ಮರೆತರೆ ಎಲ್ಲವನ್ನೂ ಮರೆಯುತ್ತದೆ:
ಹೀಟರು, ಬಿಲ್ಲು,
ನೀವು ಏಳರ ಬದಲು ನಾಲ್ಕು ಒತ್ತುವುದನ್ನು
ಅದು ಸದ್ದಿಲ್ಲದೆ ತಿದ್ದುವುದು.
ಹೌದಾ, ಎಂದು ಬೆರಳು ನೋಡಿಕೊಂಡಳು.
ನಾಲ್ಕು ಒತ್ತುತ್ತೇನಾ?
ಬೇಡ, ಬಿಡಿ.

ಸಂಜೆ ಬಾಗಿಲು ಹಾಕುವಾಗ
ಎಂದಿನಂತೆ ಅನ್ನಲಿಲ್ಲ.
ಒಂದೊಂದೇ ಎಣಿಸಿದಳು.
ಬಿಲ್ಲು ಕಳಿಸು. ತೂಕದ ಚೀಟಿ ಕಳಿಸು.
ಹೀಟರು ಇಳಿಸು.
ದೀಪ ಆರಿಸು, ಕಾರಿಡಾರಿನದ್ದು ಬೇಡ.
ಕಾಗದ

ಅಲ್ಲಿ ನಿಂತಳು.
ಯಂತ್ರವೂ ನಿಂತಿತು,
ಪರದೆಯ ಮೇಲೆ ಸಣ್ಣ ಗೆರೆ
ಕಣ್ಣು ಮಿಟುಕಿಸುತ್ತ.

ನನ್ನ ಬಸ್ಸು ಐದೂ ಇಪ್ಪತ್ತಕ್ಕೆ.
ರಸೀತಿಯಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದು
ಮೇಜಿನ ತುದಿಗಿಟ್ಟು ಎದ್ದೆ.
ಬಾಗಿಲಲ್ಲಿ ತಿರುಗಿ ನೋಡಿದರೆ
ಇನ್ನೂ ಹಾಗೇ ಇದ್ದರು ಇಬ್ಬರೂ.
ಈ ತಡೆದು ನಿಲ್ಲುವುದನ್ನೂ
ಅದು ಕಲಿಯುತ್ತಿತ್ತೋ ಏನೋ.