ವೇಬ್ರಿಡ್ಜ್

ಲಾರಿ ಹತ್ತಿದ ಕೂಡಲೇ ಅಂಕಿ ಕುಣಿಯತೊಡಗುತ್ತದೆ.
ಇಂಜಿನ್ ಆರಿಸಿ ಕೆಳಗಿಳಿಯಪ್ಪ, ಅನ್ನುತ್ತೇನೆ,
ಮೊದಲು ಅದು ನಿಲ್ಲಲಿ.
ಹದಿನೇಳು ವರ್ಷದಿಂದ ಹಾಸನದ ಆಲೂಗಡ್ಡೆಗೆಲ್ಲ
ನನ್ನದು ಇದೊಂದೇ ಮಂತ್ರ.

ಮೇಜಿನ ಮೇಲೆ, ರಸೀದಿ ಪುಸ್ತಕದ ಪಕ್ಕ, ಫೋನು.
ಅದರೊಳಗಿನ ಅಂಕಿಗೆ ಇಂಜಿನ್ ಆರಿಸುವವರಿಲ್ಲ.
ಸಾಫ್ಟ್‌ವೇರ್ ಷೇರುಗಳು ತಿಂಡಿ ಹೊತ್ತಿಗೆ ಮಕಾಡೆ ಬಿದ್ದು
ಊಟದ ಹೊತ್ತಿಗೆ ಮೈಕೊಡವಿ ಎದ್ದವು.
ಯಾಕೆ ಬಿದ್ದವು, ಯಾಕೆ ಎದ್ದವು,
ಟೀ ತರುವ ಜಬೀವುಲ್ಲನ ಬಳಿ ಎರಡಕ್ಕೂ ಕಾರಣವಿದೆ.

‘ತರಂಗ ಟೆಲಿಕಾಂ ದೊಡ್ಡೋರ ಪಾಲಾಗುತ್ತಂತೆ, ಇವತ್ತೇ.’
‘ಸುದ್ದಿ ಕೇಳಿ ಕೊಳ್ಳೋದು ಮೊಳಕೆ ಬಂದ ಗಡ್ಡೆ ಕೊಂಡಂಗೆ’
ಅಂದರು ಬಿತ್ತನೆಬೀಜದ ಧರಣೇಂದ್ರಯ್ಯ.
‘ಬಿತ್ತೋಕೆ ಅದೇ ಅಲ್ವಾ ಸ್ವಾಮಿ ಬೇಕಾಗಿರೋದು?’
ಅವರಿಗೆ ಕೆಮ್ಮು ಬಂತು.

ನಾನು ಸುಮ್ಮನಿದ್ದೆ.
ತರಂಗದ್ದು ನನ್ನ ಬಳಿ ನಾನೂರಿವೆ,
ಕಾಂತಾಮಣಿಯ ಚೀಟಿ ದುಡ್ಡಿನವು. ಅವಳಿಗೆ ಗೊತ್ತಿಲ್ಲ.

ಮೂರು ಗಂಟೆಗೆ, ಸರಿಯಾಗಿ, ಸಿಗ್ನಲ್ ಹೋಯಿತು.
ನನ್ನ ಸಿಮ್ಮೂ ತರಂಗದ್ದೇ.
ಆಮೇಲೆ ಅದು ಸಿಗುವುದು ತೂಕದ ಹಲಗೆಯ ನಟ್ಟನಡುವೆ ಮಾತ್ರ.
ಫೋನು ಎತ್ತಿ ಹಿಡಿದು ಹತ್ತಿದೆ,
ಹಿಂದೆ ಲೋಟ ಹಿಡಿದ ಜಬೀವುಲ್ಲ,
ಬೇಡ ಬೇಡ ಅನ್ನುತ್ತಲೇ ಧರಣೇಂದ್ರಯ್ಯ.
ಪರದೆಯಲ್ಲಿ ಚಕ್ರ ತಿರುಗುತ್ತಿತ್ತು.
ಉಸಿರು ಬಿಗಿಹಿಡಿದು ಮೂವರೂ ಅಲ್ಲಾಡದೆ ನಿಂತೆವು.

ಒಳಗಿಂದ ಹುಡುಗ ಕೂಗಿದ:
‘ಇನ್ನೂರ ಹತ್ತು ಕೇಜಿ, ನಿಂತಿದೆ.
ಚೀಟಿ ಯಾರ ಹೆಸರಿಗೆ ಬರೀಲಿ?’